ಎಪ್ಪತ್ತೊಂದಕ್ಕೆ ಜಿಗಿಯುವ ಪುರಾಣ

ನಾರಾಯಣಪೇಟೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಮಿಕ್ಸಿಯ ಮೇಲಿನ ಗೂಡಿನಲ್ಲಿ, ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದರ ಪರದೆಯ ಮೂಲೆ ಒಡೆದು ನಾಲ್ಕು ವರ್ಷವಾಯಿತು, ಅರ್ಧಕ್ಕರ್ಧ ಗುಂಡಿಗಳು ಕಿತ್ತುಹೋಗಿವೆ. ಆದರೂ ಅದನ್ನು ಆರಿಸುವ ಹಾಗಿಲ್ಲ. ಕರೆಂಟು ಹೋದರೆ ಫ್ಯಾನಿಗಿಂತ ಮೊದಲು ಅದಕ್ಕೆ ಇನ್ವರ್ಟರ್ ಸಿಗಲೆಂದು ಬೇರೆ ವೈರು ಎಳೆಸಿದ್ದೇನೆ. ಮನೆಗೆ ಬಂದವರು ಇದೇನೆಂದು ಕೇಳಿದರೆ ನಮ್ಮ ಮನೆಯವರು ನಗದೆ, "ಲೈಬ್ರರಿ ರೀ" ಎನ್ನುತ್ತಾರೆ. ಬಂದವರು ಪುಸ್ತಕಕ್ಕಾಗಿ ಆಚೀಚೆ ನೋಡಿ, ಉಪ್ಪಿನಕಾಯಿ ಭರಣಿಗಳನ್ನು ಕಂಡು, ಚಹಾ ಕುಡಿದು ಹೋಗುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ಆ ಲ್ಯಾಪ್‌ಟಾಪಿನಲ್ಲಿ ನಾನೂರು ಚಿಲ್ಲರೆ ಪುಸ್ತಕಗಳಿವೆ. ನಾನು ಮಕ್ತಲದ ಆಚೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಉಟ್ಕೂರು ದಾಟುವಾಗ ಫೋನಿನಲ್ಲಿ ಯಾವ ಸಾಲಿಗೆ ಓದು ನಿಲ್ಲಿಸಿರುತ್ತೇನೋ, ಸಂಜೆ ಮನೆಯಲ್ಲಿ ಟ್ಯಾಬ್ ತೆರೆದರೆ ಅದೇ ಸಾಲು ಎದುರಿಗೆ ಬರುತ್ತದೆ. ಫೋನು ಲ್ಯಾಪ್‌ಟಾಪಿಗೆ ಹೇಳುತ್ತದೆ, ಲ್ಯಾಪ್‌ಟಾಪು ಟ್ಯಾಬಿಗೆ ಹೇಳುತ್ತದೆ, ಅಷ್ಟೇ. ಈ ಏರ್ಪಾಟನ್ನು ಯಾವುದೋ ಕಂಪನಿಯ ಕೈಗೆ ಕೊಟ್ಟು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ನನಗೊಂದು ಕೆಟ್ಟ ಗುಣ. ಮುಚ್ಚಿದ ಡಬ್ಬಿ ಕಂಡರೆ ಒಳಗೇನಿದೆ ಎಂದು ನೋಡುವ ತನಕ ನನಗೆ ಅನ್ನ ಇಳಿಯುವುದಿಲ್ಲ. ಗಡಿಯಾರ ಬಿಚ್ಚಿ ಅಪ್ಪನಿಂದ ಹೊಡೆತ ತಿಂದಿದ್ದೇನೆ, ಕುಕ್ಕರಿನ ಸೀಟಿ ಬಿಚ್ಚಿ ಅತ್ತೆಯಿಂದ ಬೈಸಿಕೊಂಡಿದ್ದೇನೆ. ಹಾಗಾಗಿ ಬಿಟ್ಟಿಯಾಗಿ ಸಿಗುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡು, ಎರಡು ತಿಂಗಳು ತಲೆ ಕೆಡಿಸಿಕೊಂಡು, ಗ್ರಂಥಾಲಯವನ್ನು ನಾನೇ ಕಟ್ಟಿದೆ.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಅವ್ವನ ಅಪ್ಪ ಕುರಿ ಕಾಯುತ್ತ ಬರೆಯಲು ಕಲಿತವನು. ಹೊಲದಲ್ಲಿ ಹಟ್ಟಿ ಹಾಕಿದ್ದಾಗ, ರಾಯಚೂರು ಕಡೆಯ ಯಾರದೋ ಪ್ರತಿಯನ್ನು ಎದುರಿಗಿಟ್ಟುಕೊಂಡು, ಇಪ್ಪತ್ತನಾಲ್ಕು ಸಂಧಿಯ ಒಂದು ಪುರಾಣವನ್ನು ಕೈಯಾರೆ ಬರೆದುಕೊಂಡಿದ್ದ. ಅದು ಹಾಲುಮತದ ಒಬ್ಬ ಹೆಣ್ಣುಮಗಳ ಕಥೆ. ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾನೆ: "ಕೇಳಿದವರಿಗೆ ಓದಿ ಹೇಳಬೇಕು. ಪುಸ್ತಕ ಮನೆ ಬಿಟ್ಟು ಹೋಗಬಾರದು." ಅಜ್ಜನ ಈ ಮಾತಿಗೆ ಮಿಕ್ಸಿಯ ಮೇಲಿನ ಲ್ಯಾಪ್‌ಟಾಪಿಗಿಂತ ಒಳ್ಳೆಯ ಉಪಾಯ ನನಗೆ ಹೊಳೆಯಲಿಲ್ಲ. ಪುಸ್ತಕ ಮನೆಯಲ್ಲೇ ಇರುತ್ತದೆ, ಓದು ಮಾತ್ರ ಊರೂರಿಗೆ ಹೋಗುತ್ತದೆ.

ಹಾಳೆಗಳು ಮುಟ್ಟಿದರೆ ಉದುರುತ್ತಿದ್ದವು. ಒಂದೊಂದನ್ನೂ ಫೋಟೋ ತೆಗೆದು, ಬೇಸಿಗೆ ರಜೆಯಲ್ಲಿ ದಿನಕ್ಕೆ ಅರ್ಧ ಸಂಧಿಯಂತೆ ಟೈಪು ಮಾಡಿದೆ. ಹದಿನೆಂಟನೆಯ ಸಂಧಿಯ ಮೊದಲ ಹಾಳೆಯ ಅಂಚು ಮಾತ್ರ ಎಣ್ಣೆ ಹಿಡಿದು ಕಪ್ಪಗಾಗಿತ್ತು. ಆ ಸಂಧಿಯಲ್ಲಿ ಮದುವೆ. ಮದುವೆ ಎಂದರೆ ಯಾರಿಗೆ ಇಷ್ಟವಿಲ್ಲ, ಎಲ್ಲರೂ ಅದನ್ನೇ ತೆರೆದು ಓದಿದ್ದಾರೆ ಎಂದುಕೊಂಡು ಮುಂದೆ ಹೋದೆ.

ಟೈಪು ಮಾಡಿದ್ದು ಅವ್ವನಿಗಾಗಿ. ಅವ್ವ ಹಾಸಿಗೆ ಹಿಡಿದಿದ್ದಳು, ಭಾರದ ಪುಸ್ತಕ ಹಿಡಿಯಲು ಕೈಯಲ್ಲಿ ಶಕ್ತಿ ಇರಲಿಲ್ಲ. ನನ್ನ ಹಳೆಯ ಟ್ಯಾಬಿನಲ್ಲಿ ಪುರಾಣ ಹಾಕಿಕೊಟ್ಟೆ. ನನ್ನ ಗ್ರಂಥಾಲಯದ ಮೊದಲ ಓದುಗಾರ್ತಿ ಅವಳು. ಅವಳು ತೀರಿಕೊಂಡ ಮೇಲೆ ಓದುಗರ ಪಟ್ಟಿಯಿಂದ ಅವಳ ಹೆಸರನ್ನು ತೆಗೆದುಹಾಕಲು ನನಗೆ ಮನಸ್ಸಾಗಲಿಲ್ಲ. ಈಗಲೂ ಪಟ್ಟಿಯಲ್ಲಿ "ಅವ್ವ" ಎಂದಿದೆ, ಮುಂದೆ "ನೂರಕ್ಕೆ ಎಪ್ಪತ್ತೊಂದು" ಎಂದಿದೆ. ಎಪ್ಪತ್ತೊಂದು ಎಂದರೆ ಹದಿನೆಂಟನೆಯ ಸಂಧಿ. ಪುರಾಣ ಮುಗಿಯದಿದ್ದರೂ ಮದುವೆಯ ತನಕ ಓದಿ ಹೋದಳಲ್ಲ ಎಂದು ನನಗೆ ಸಮಾಧಾನವಿತ್ತು. ದುಃಖವಾದಾಗ ಆ ಅಂಕಿಯನ್ನು ತೆಗೆದು ನೋಡುತ್ತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಇನ್ನು ಗದ್ವಾಲದ ದೊಡ್ಡವ್ವನ ವಿಷಯಕ್ಕೆ ಬರಬೇಕು. ಅವ್ವನ ಅಕ್ಕ ಅವಳು. ಕೋಟೆಯ ಹಿಂದಿನ ಓಣಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅಜ್ಜನ ಕೈಬರಹದ ಪುಸ್ತಕ ಇರುವುದು ಅವಳಲ್ಲೇ. ಶ್ರಾವಣ ಬಂತೆಂದರೆ ಪಡಸಾಲೆಯಲ್ಲಿ ಚಾಪೆ ಹಾಸಿ ಆ ಪುರಾಣ ಹಚ್ಚುತ್ತಾಳೆ. ಅವಳು ಪದ್ಯ ಹಾಡುತ್ತಾಳೆ, ಅವಳ ತಮ್ಮ, ಎಂದರೆ ನನ್ನ ಸೋದರಮಾವ, ಅರ್ಥ ಹೇಳುತ್ತಾನೆ. ಮಾವ ಬಸ್ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತನಾಗಿ ಮಕ್ತಲದಲ್ಲಿದ್ದಾನೆ. ಮೂವತ್ತು ವರ್ಷ ಶ್ರಾವಣದುದ್ದಕ್ಕೂ ಮಕ್ತಲದಿಂದ ಜುರಾಲ ಆಣೆಕಟ್ಟಿನ ಮೇಲೆ ಹಾದು ಗದ್ವಾಲಕ್ಕೆ ಹೋಗಿ, ಅರ್ಥ ಹೇಳಿ, ಕೊನೆಯ ಬಸ್ಸಿಗೆ ವಾಪಸ್ಸು ಬರುತ್ತಿದ್ದ. ಓಣಿಯಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರು. ಆದರೂ ಆ ಒಂದು ತಿಂಗಳು ಕನ್ನಡ ಕೇಳಲು ಬಂದು ಕೂರುತ್ತಾರೆ.

ಈ ಸಲ ಎರಡು ತೊಂದರೆ ಒಟ್ಟಿಗೆ ಬಂದವು. ದೊಡ್ಡವ್ವನ ಕಣ್ಣು ಮಸುಕಾಯಿತು. ಮಾವನ ಮೊಣಕಾಲಿಗೆ ಆಪರೇಷನ್ ಆಗಿ ಬಸ್ಸು ಹತ್ತುವ ಹಾಗಿರಲಿಲ್ಲ. ಎದುರುಮನೆಯಾಕೆ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ತೋರಿಸಿದಳು.

"ಯಾಕಕ್ಕಾ ಇಷ್ಟು ತ್ರಾಸ? ಫೋನಿನಾಗ ಎಲ್ಲಾ ಪುರಾಣನೂ ಸಿಗ್ತಾವ. ನಮ್ಮ ಮನ್ಯಾಗ ದೊಡ್ಡ ಸ್ಪೀಕರ್ ಐತಿ, ಹಚ್ಚಿಬಿಟ್ರ ಆತು. ನೀವು ಆರಾಮಾಗಿ ಕುಂತು ಕೇಳ್ರಿ."

ಆ ದಿನ ದೊಡ್ಡವ್ವ ನನಗೆ ಫೋನು ಮಾಡಿದಳು. ಅವಳು ಹಾಗೆ ಅಳುವವಳಲ್ಲ. "ನನಗ ಆರಾಮಾಗಿ ಕುಂಡ್ರು ಅಂತಾಳಲ್ಲ ತಂಗೀ. ನಾ ಕುಂಡ್ರೂದು ಓದಾಕ. ಸುಮ್ಮ ಕುಂಡ್ರಾಕ ನನಗ ಯಾಕ ಬೇಕು ಪಡಸಾಲಿ?" ಎಂದಳು. ಆಮೇಲೆ ಫೋನಿಟ್ಟುಬಿಟ್ಟಳು.

ನನಗೆ ಸಿಟ್ಟೂ ಬಂತು, ಹುರುಪೂ ಬಂತು. ಭಾನುವಾರವೇ ಗದ್ವಾಲಕ್ಕೆ ಹೋಗಿ ದೊಡ್ಡವ್ವನಿಗೆ ಒಂದು ದೊಡ್ಡ ಟ್ಯಾಬ್ ಕೊಟ್ಟೆ. ಒಂದು ಪರದೆಗೆ ಒಂದೇ ಪದ್ಯ ಬರುವಷ್ಟು ಅಕ್ಷರ ದಪ್ಪ ಮಾಡಿದೆ. ಬರುವ ದಾರಿಯಲ್ಲಿ ಮಕ್ತಲದಲ್ಲಿ ಇಳಿದು ಮಾವನ ಫೋನಿಗೂ ಅದೇ ಪುರಾಣ ಹಾಕಿದೆ. ದೊಡ್ಡವ್ವ ಗದ್ವಾಲದಲ್ಲಿ ಓದಬೇಕು, ಮಾವ ಮಕ್ತಲದಲ್ಲಿ ಕುಳಿತು ಫೋನಿನ ಮೂಲಕ ಅರ್ಥ ಹೇಳಬೇಕು. ಅವಳಲ್ಲಿ ನಲವತ್ತು ಪುಟವಾಗುವುದು ಇವನಲ್ಲಿ ಹತ್ತೇ ಪುಟ. ಆದ್ದರಿಂದ ಪುಟದ ಲೆಕ್ಕ ಇಬ್ಬರಿಗೂ ಹೊಂದುವುದಿಲ್ಲ. ಆದರೆ ಅವಳು ಎಲ್ಲಿಗೆ ಓದಿದ್ದಾಳೆಂದು ನನ್ನ ಲ್ಯಾಪ್‌ಟಾಪಿಗೆ ಗೊತ್ತಿರುತ್ತದೆ. ಮಾವ ಮರುದಿನ ನಾಲ್ಕು ಗಂಟೆಗೆ ಅರ್ಥ ತಯಾರಿ ಮಾಡಲು ಪುಸ್ತಕ ತೆರೆದರೆ, "ಇನ್ನೊಂದು ಕಡೆ ಇಲ್ಲಿಯ ತನಕ ಓದಲಾಗಿದೆ, ಅಲ್ಲಿಗೆ ಹೋಗಬೇಕೆ?" ಎಂದು ಕೇಳುತ್ತದೆ. ಹೌದು ಎಂದು ಒತ್ತಿದರೆ ಅಕ್ಕ ನಿಲ್ಲಿಸಿದ ಜಾಗ. ನಾನು ಇಬ್ಬರಿಗೂ ಎರಡೆರಡು ಸಲ ಮಾಡಿ ತೋರಿಸಿ, ಯುದ್ಧ ಗೆದ್ದವಳಂತೆ ಮನೆಗೆ ಬಂದೆ.

ಮೊದಲ ಹತ್ತು ದಿನ ಎಲ್ಲ ನೆಟ್ಟಗಿತ್ತು. ಹನ್ನೊಂದನೆಯ ಸಂಧಿಯಲ್ಲಿ ಕೂಸಿಗೆ ಹಾವು ಕಚ್ಚುತ್ತದೆ. ಉದ್ದನೆಯ ಸಂಧಿ, ಎರಡು ದಿನ ಓದುತ್ತಾರೆ. ಮೊದಲ ದಿನ ಕೂಸು ಸತ್ತಿತು, ಹೆಂಗಸರು ಕಣ್ಣೊರೆಸಿಕೊಂಡು ಮನೆಗೆ ಹೋದರು. ಎರಡನೆಯ ದಿನ ದೊಡ್ಡವ್ವ ತಾಯಿಯ ಗೋಳಿನ ಪದ್ಯ ಹಾಡಿ, "ಹೇಳಪ್ಪಾ" ಎಂದಳು. ಮಾವನಿಗೆ ಫೋನಿನಲ್ಲಿ ಹಾಡು ಅಷ್ಟಾಗಿ ತಿಳಿಯುವುದಿಲ್ಲ, "ಹೇಳಪ್ಪಾ" ಎಂಬುದೊಂದು ತಿಳಿಯುತ್ತದೆ. ಅವನು ಗಂಟಲು ಸರಿಮಾಡಿಕೊಂಡು, ಮದುವೆಯ ಹಂದರ, ಹೋಳಿಗೆ, ತುಪ್ಪ, ಬೀಗರ ಸಾಲು ಎಲ್ಲವನ್ನೂ ಬಣ್ಣಿಸಿ ಬಣ್ಣಿಸಿ ಹೇಳಿದ. ಅಳುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ಎದುರುಮನೆಯಾಕೆ ನಗಲಿಲ್ಲವಂತೆ. ದೊಡ್ಡವ್ವನ ಮುಖ ನೋಡಿ, "ನಾ ಅವತ್ತೇ ಹೇಳಿದ್ನಲ್ಲಕ್ಕಾ" ಎಂದಳಂತೆ.

ಅಕ್ಕ ತಮ್ಮನಿಗೆ ಜಗಳ ಹತ್ತಿತು. ಇವನು ನಿದ್ದೆಗಣ್ಣಿನಲ್ಲಿ ಹೇಳುತ್ತಾನೆಂದು ಅವಳು, ಅವಳು ಹಾಳೆ ಹಾರಿಸಿ ಓದುತ್ತಾಳೆಂದು ಇವನು. ಕೊನೆಗೆ ಇಬ್ಬರೂ ಒಂದಾಗಿ ನನ್ನ ಡಬ್ಬಿಯನ್ನು ಬೈದರು.

ನಾನು ಲ್ಯಾಪ್‌ಟಾಪಿನ ದಾಖಲೆ ತೆರೆದೆ. ಯಾವ ಸಾಧನ ಯಾವ ಹೊತ್ತಿಗೆ ಎಲ್ಲಿತ್ತು ಎಂದು ಅದು ಸಾಲು ಸಾಲಾಗಿ ಬರೆದಿಟ್ಟಿರುತ್ತದೆ. ಗದ್ವಾಲದ ಟ್ಯಾಬ್ ಸಂಜೆ ಏಳರ ತನಕ ಹನ್ನೊಂದನೆಯ ಸಂಧಿಯಲ್ಲಿ ನಿಧಾನಕ್ಕೆ ನಡೆದಿದೆ. ಏಳು ದಾಟಿದ ಕೂಡಲೇ ಎಪ್ಪತ್ತೊಂದಕ್ಕೆ ಜಿಗಿದಿದೆ.

ಎಪ್ಪತ್ತೊಂದು. ಅವ್ವನ ಹೆಸರಿನ ಮುಂದಿದ್ದ ಅಂಕಿ. ಯಂತ್ರ ತಪ್ಪಿದರೆ ಎಪ್ಪತ್ತೊಂದಕ್ಕೇ ಹೋಗುತ್ತದೆ ಎಂದಾದರೆ, ಅವ್ವನ ಎಪ್ಪತ್ತೊಂದೂ ಯಂತ್ರದ ತಪ್ಪೇ ಇರಬೇಕಲ್ಲ? ಆಗ ಅವಳು ಮದುವೆಯ ತನಕ ಓದಿಯೇ ಇಲ್ಲ. ಆ ಯೋಚನೆಯನ್ನು ಅತ್ತ ಸರಿಸಿ, ಮೊದಲು ದೊಡ್ಡವ್ವನ ಕೆಲಸ ನೋಡೋಣ ಎಂದುಕೊಂಡೆ.

ಮರುದಿನ ಶಾಲೆಯಿಂದ ಬರುವಾಗ ಮಕ್ತಲದಲ್ಲಿ ಇಳಿದೆ. ಮಾವನ ಫೋನು ಹಿಡಿದ ಕೂಡಲೇ ಕಳ್ಳ ಸಿಕ್ಕ ಎನಿಸಿತು. ಅದರ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಯಾವ ಸಾಧನದ ಸುದ್ದಿ ಹೊಸದು ಎಂದು ಲ್ಯಾಪ್‌ಟಾಪು ಗಡಿಯಾರ ನೋಡಿಯೇ ತೀರ್ಮಾನಿಸುವುದು.

"ಮಾವಾ, ಇದನ್ನ ಯಾಕ ಮುಂದ ಇಟ್ಟೀರಿ?"

"ಮೂವತ್ತು ವರ್ಷ ಬಸ್ಸಿನಾಗ ಇದ್ದಾಂವ ನಾ. ಹತ್ತ ನಿಮಿಷ ಮುಂದಿಲ್ಲಂದ್ರ ಅದು ಗಡಿಯಾರ ಏನವ್ವಾ?"

"ಈಗ ಯಾವ ಬಸ್ ಹಿಡಿಯಾಕ ಹೊಂಟೀರಿ?"

ಮಾವ ತನ್ನ ಕಟ್ಟು ಹಾಕಿದ ಮೊಣಕಾಲನ್ನು ನೋಡಿದ, ನನ್ನನ್ನು ನೋಡಿದ, "ಬಾಳ ಶ್ಯಾಣ್ಯಾಕಿ ಆಗಿ" ಎಂದು ಫೋನು ಕೊಟ್ಟ. ಗಡಿಯಾರ ಸರಿಮಾಡಿದೆ. ಮುಂದಿನ ಮೂರು ದಿನ ಅಕ್ಕನ ಪದ್ಯಕ್ಕೂ ತಮ್ಮನ ಅರ್ಥಕ್ಕೂ ಚೂರೂ ವ್ಯತ್ಯಾಸವಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಈ ಪತ್ತೇದಾರಿಕೆಯನ್ನು ಎರಡೆರಡು ಸಲ ಹೇಳಿ ಕೊಚ್ಚಿಕೊಂಡೆ.

ನಾಲ್ಕನೆಯ ದಿನ ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಸಂಧಿ. ಮರುದಿನ ಮಾವ ಮತ್ತೆ ಹೋಳಿಗೆ ತುಪ್ಪ ಬಡಿಸಿದ. ಈ ಸಲ ಯಾರೂ ನಗಲಿಲ್ಲ. ಇಬ್ಬರು ಮುದುಕಿಯರು ಎದ್ದು ಹೋದರು. ಓಣಿಯವರು ಸೇರಿ ಮಾತಾಡಿಕೊಂಡರು. ಭಾನುವಾರದ ತನಕ ನೋಡೋಣ, ಸರಿಹೋಗದಿದ್ದರೆ ಉಳಿದ ಪುರಾಣಕ್ಕೆ ಸ್ಪೀಕರ್ ಹಚ್ಚೋಣ, ದೊಡ್ಡವ್ವನಿಗೂ ವಯಸ್ಸಾಯಿತು ಎಂದು. ಈ ಸುದ್ದಿಯನ್ನು ದೊಡ್ಡವ್ವ ಹೇಳಲಿಲ್ಲ, ಅವಳ ಸೊಸೆ ಫೋನು ಮಾಡಿ ಹೇಳಿದಳು. "ಅತ್ತಿ ಮಧ್ಯಾಹ್ನದಿಂದ ಉಂಡಿಲ್ರೀ" ಎಂದಳು.

ಶನಿವಾರ ಮಧ್ಯಾಹ್ನವೇ ಬಸ್ಸು ಹತ್ತಿದೆ. ದಾಖಲೆಯಲ್ಲಿ ಎಷ್ಟು ಸಾಲು ನೋಡಿದರೇನು, ಆ ಪಡಸಾಲೆಯಲ್ಲಿ ನಡೆಯುವುದನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಜುರಾಲದ ಮೇಲೆ ಹಾಯುವಾಗ ಗೇಟುಗಳಿಂದ ನೀರು ಬಿಟ್ಟಿದ್ದರು, ಜನ ಕಿಟಕಿಯಿಂದ ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ ಜಿಗಿತ ಬಿದ್ದ ದಿನಗಳನ್ನು ಕಾಗದದ ಮೇಲೆ ಗೀಚಿಕೊಂಡು ಕೂತಿದ್ದೆ. ಕೆಲವು ದಿನ ಜಿಗಿತವಿದೆ, ಕೆಲವು ದಿನ ಇಲ್ಲ. ವಾರ ನೋಡಿದೆ, ಕರೆಂಟು ಹೋದ ದಿನ ನೋಡಿದೆ, ಏನೂ ಹೊಂದಲಿಲ್ಲ. ಕನ್ನಡದ ಟೀಚರಾಗಿ ಆ ದಿನಗಳಲ್ಲಿ ಕಥೆ ಏನಾಗಿತ್ತು ಎಂದು ಮಾತ್ರ ನೋಡಲಿಲ್ಲ, ಅದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಆರು ಗಂಟೆಗೆ ಜನ ಸೇರಿದರು. ದೊಡ್ಡವ್ವ ಟ್ಯಾಬನ್ನು ವ್ಯಾಸಪೀಠದ ಮೇಲೆ ಇಟ್ಟು ಅದಕ್ಕೆ ಭಂಡಾರ ಹಚ್ಚಿದಳು. ಅದರ ಕ್ಯಾಮೆರಾ ಎಂದೋ ಅರಿಶಿನದಲ್ಲಿ ಮುಚ್ಚಿಹೋಗಿತ್ತು. ಮಾವನ ದನಿ ಎಲ್ಲರಿಗೂ ಕೇಳಲೆಂದು ಫೋನನ್ನು ಒಂದು ದೊಡ್ಡ ಸ್ಟೀಲ್ ತಪ್ಪೇಲಿಯೊಳಗೆ ನಿಲ್ಲಿಸಿದ್ದರು. ಅದರೊಳಗಿಂದ ಅವನು ಕೆಮ್ಮಿದರೆ ಬಾವಿಯಿಂದ ಕೆಮ್ಮಿದ ಹಾಗೆ ಕೇಳುತ್ತಿತ್ತು. ಆ ದಿನದ ಸಂಧಿ ಹೊರಹಾಕಿದ ಸೊಸೆ ಹೊಳೆ ದಂಡೆಯಲ್ಲಿ ಒಬ್ಬಳೇ ಮೂರ್ಛೆ ಹೋಗುವಲ್ಲಿಗೆ ಮುಗಿಯಿತು. ಹಿಂದಿನ ಸಂಜೆ ಜಿಗಿತವಿರಲಿಲ್ಲ, ಮಾವ ಸರಿಯಾದ ಅರ್ಥವನ್ನೇ ಹೇಳಿ ಫೋನಿಟ್ಟ. ಹೆಂಗಸರು ಕೈಮುಗಿದು, ಸಕ್ಕರೆ ತೆಗೆದುಕೊಂಡು ಎದ್ದರು.

ದೊಡ್ಡವ್ವ ಏಳಲಿಲ್ಲ. ಟ್ಯಾಬಿನ ಮೂಲೆ ಒತ್ತಿ ಪರಿವಿಡಿ ತೆರೆದಳು. ಬೆರಳಿನಿಂದ ಮೇಲಕ್ಕೆ ಸರಿಸಿ ಹದಿನೆಂಟನೆಯ ಸಂಧಿಯನ್ನು ಒತ್ತಿದಳು. ಮದುವೆಯ ಮೊದಲ ಪದ್ಯ ಬಂತು. ಅದನ್ನು ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹಾಡಿಕೊಂಡು, ಪರದೆಗೆ ಹಣೆ ಮುಟ್ಟಿಸಿ, ಕವರು ಮುಚ್ಚಿದಳು.

"ದೊಡ್ಡವ್ವಾ, ಈಗ ಏನು ಮಾಡಿದಿ?"

"ಏನ ಮಾಡಿದ್ನೆ? ಪುರಾಣ ಮುಚ್ಚಿದೆ."

"ಆ ಮದುವಿ ಪದ್ಯ ಯಾಕ ತೆಗದಿ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ನಾನು ಟೀಚರು ಹೇಗಾದೆನೆಂಬ ಅನುಮಾನವಿತ್ತು. "ಕೆಟ್ಟದ್ದು ಆದಲ್ಲಿ ಪುರಾಣ ಮುಚ್ಚತಾರೇನು? ಆ ಹೆಣಮಗಳು ನಾಳಿ ಸಂಜಿತನಾ ಹೊಳಿ ದಂಡ್ಯಾಗ ಹಂಗ ಬಿದ್ದಿರಬೇಕೇನು? ಅವತ್ತು ಆ ಕೂಸು? ರಾತ್ರಿಪೂರಾ ಸತ್ತು ಮಲಗಿರಬೇಕೇನು? ಅದ ಕೂಸಿಂದು ಮದುವಿ ಅಲ್ಲೇನು ಮುಂದ? ಆ ಹಾಳಿ ತೆರದಿಟ್ರ, ಎಲ್ಲಾರೂ ಉಳದಾರ ಅಂತ ಆತು. ಆಮ್ಯಾಲ ಮುಚ್ಚಬೇಕು."

ಕಪ್ಪಗಾದ ಆ ಹಾಳೆಯ ಅಂಚು ಕಣ್ಣೆದುರಿಗೆ ಬಂತು. ಅಜ್ಜಿಯಿಂದ ಹಿಡಿದು ಎಷ್ಟು ಹೆಬ್ಬೆರಳುಗಳು ಪ್ರತಿ ಶ್ರಾವಣ ಅಲ್ಲಿಗೆ ಬಂದು ಪುರಾಣ ಮುಚ್ಚಿದ್ದವೋ. ನಾನು ಟೈಪು ಮಾಡುವಾಗ ಅಕ್ಷರ ಮಾತ್ರ ತೆಗೆದುಕೊಂಡು, ಆ ಅಂಚಿನ ಗುರುತನ್ನು ಬಿಟ್ಟಿದ್ದೆ.

"ಹಂಗಾರ ಮರುದಿನ ಎಲ್ಲಿಂದ ಓದಬೇಕು ಅಂತ ನಿನಗ ಹ್ಯಾಂಗ ಗೊತ್ತಾಗ್ತದ?"

"ಪುಸ್ತಕಕ್ಕ ದಾರ ಇತ್ತಲ್ಲ. ದಾರ ಅಲ್ಲಿ ಹಾಕಿ, ಹಾಳಿ ಇಲ್ಲಿ ತೆರೀತಿದ್ದೆ. ಇದಕ್ಕ ದಾರಿಲ್ಲ. ನಾನs ಪದ್ಯದ ನಂಬರ್ ನೆಪ್ಪಿಟ್ಟು, ಜನ ಬರೂದ್ರಾಗ ಹಿಂದಕ ಹೋಗಿರ್ತೀನಿ."

ಎಲ್ಲವೂ ತಿಳಿಯಿತು. ಅವಳು ಸಂಜೆ ಆರಕ್ಕೆ ಹಿಂದಕ್ಕೆ ಹೋಗುತ್ತಾಳೆ. ಮಾವ ನಾಲ್ಕಕ್ಕೇ ಫೋನು ತೆರೆದು, ಎಪ್ಪತ್ತೊಂದಕ್ಕೆ ಹೋಗಬೇಕೆ ಎಂದು ಕೇಳಿದ್ದಕ್ಕೆ ಹೌದು ಎಂದಿರುತ್ತಾನೆ. ಅವಳಿಗೆ ಎರಡು ಗುರುತು ಬೇಕು, ಓದಿದ ಜಾಗಕ್ಕೊಂದು, ಮುಚ್ಚುವ ಜಾಗಕ್ಕೊಂದು. ನಾನು ಕೊಟ್ಟ ಯಂತ್ರಕ್ಕೆ ಒಂದೇ ಗೊತ್ತಿತ್ತು.

ಕೂಡಲೇ ಮಾವನಿಗೆ ಫೋನು ಮಾಡಿದೆ. ಅವನು ಎರಡೆರಡು ಸಲ ಹೇಳಿಸಿಕೊಂಡ. "ಮೂವತ್ತು ವರ್ಷ ಆಕಿ ಬಾಜೂಕ ಕುಂತೀನಿ. ದಾರ ಹಾಕೂದು ನೋಡೀನಿ. ಮುಂದಿಂದು ನೋಡಿಲ್ಲವ್ವಾ. ನಾ ಅಷ್ಟರಾಗ ಬಸ್ಸಿಗೆ ಎದ್ದಿರ್ತಿದ್ದೆ" ಎಂದ.

ನಾನು ಮಾಡಿದ ದೊಡ್ಡ ತಪ್ಪು ಆಮೇಲಿನದು. ದೊಡ್ಡವ್ವನಿಗೆ, "ಇನ್ನಮ್ಯಾಲ ಓದಿದಲ್ಲೇ ಮುಚ್ಚಿಬಿಡು, ಎಲ್ಲಾ ಸರಿ ಆಗ್ತದ" ಎಂದೆ. ಅವಳು ಟ್ಯಾಬನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

"ಹಂಗಾರ ಸ್ಪೀಕರ್ ಹಚ್ಚಿಸ್ಕೊಳ್ರಿ. ನಾ ಕೂಸಿನ್ನ ಸತ್ತಲ್ಲಿ ಬಿಟ್ಟು ಏಳೂದಿಲ್ಲ."

ಪುರಾಣ ಓದುವ ಯಾವ ಜಾಗ ಹೋಗುತ್ತದೆಂದು ಉಪವಾಸ ಕೂತಿದ್ದಳೋ, ಆ ಜಾಗವನ್ನೇ ಬಿಡಲು ತಯಾರಾಗಿದ್ದಳು. ನಾನು ಹೆದರಿಹೋದೆ. ಮದುವೆಯ ಒಂದು ಪದ್ಯವನ್ನು ಬೇರೆ ಪುಸ್ತಕವಾಗಿ ಮಾಡಿಕೊಡುತ್ತೇನೆ, ಪುರಾಣ ಮುಚ್ಚಿ ಅದನ್ನು ತೆರೆದು ಓದು ಎಂದು ರಾಜಿಗೆ ಬಂದೆ. ಅವಳು ಅದನ್ನೂ ಯೋಚಿಸಿ ನೋಡಿ ತಲೆಯಾಡಿಸಿದಳು. "ಬ್ಯಾರೆ ಪುಸ್ತಕದಾಗ ಮದುವಿ ಆದ್ರ ಈ ಪುಸ್ತಕದಾಗಿನ ಕೂಸಿಗೇನು ಬಂತು?" ನಾನು ಟ್ಯಾಬನ್ನು ಮತ್ತೆ ವ್ಯಾಸಪೀಠದ ಮೇಲಿಟ್ಟೆ.

ಬದಲಾಗಬೇಕಾದದ್ದು ಯಂತ್ರ. ಅದು ಯಾವುದೋ ಕಂಪನಿಯದಾಗಿದ್ದರೆ ದೂರು ಬರೆದು ಕಾಯುತ್ತ ಕೂರಬೇಕಿತ್ತು, ಕೂಸು ಸಾಯುವ ವಿಷಯವನ್ನು ಅವರಿಗೆ ಹೇಗೆ ಬರೆದು ತಿಳಿಸುವುದೋ. ಇದು ನನ್ನ ಮಿಕ್ಸಿಯ ಮೇಲಿನದು. ಭಾನುವಾರ ಬೆಳಿಗ್ಗೆ ಊರಿಗೆ ಬಂದವಳೇ ಲ್ಯಾಪ್‌ಟಾಪಿಗೆ ಬೇರೆ ಕೀಬೋರ್ಡು ಸಿಕ್ಕಿಸಿ ಅಡುಗೆಕೋಣೆಯಲ್ಲಿ ಕುಳಿತೆ. ಯಾರೂ ಒಂದು ನಿಮಿಷದಲ್ಲಿ ಒಂದು ಸಂಧಿಗಿಂತ ಹೆಚ್ಚು ಓದಲಾರರು. ಹಾಗಾಗಿ ಹಿಂದಕ್ಕಾಗಲಿ ಮುಂದಕ್ಕಾಗಲಿ ಯಾರಾದರೂ ಅಷ್ಟು ದೂರ ಜಿಗಿದರೆ ಅದನ್ನು ಓದು ಎಂದು ಎಣಿಸಬೇಡ, ಮುಚ್ಚುವುದು ಎಂದು ತಿಳಿ, ಬೇರೆಯವರು ಕೇಳಿದರೆ ಜಿಗಿಯುವ ಮೊದಲಿನ ಜಾಗವನ್ನು ಹೇಳು. ಇಷ್ಟನ್ನು ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆಯಲು ಮಧ್ಯಾಹ್ನವಾಯಿತು. ಗದ್ವಾಲದ ಟ್ಯಾಬಿನಲ್ಲಿ ಮದುವೆ ತೆರೆದೇ ಇರಬೇಕು, ಮಕ್ತಲದ ಫೋನಿನಲ್ಲಿ ದಾರ ಇರಬೇಕು. ಆ ಸಣ್ಣ ನಿಯಮಕ್ಕೆ "ದಾರ" ಎಂದೇ ಹೆಸರಿಟ್ಟೆ.

ಸರಿಯಿದೆಯೇ ಎಂದು ನೋಡಲು ಹಳೆಯ ದಾಖಲೆಯ ಮೇಲೆಲ್ಲ ಅದನ್ನು ಓಡಿಸಿದೆ. ಹೆಸರುಗಳ ಪಟ್ಟಿ ಬಂತು. ದೊಡ್ಡವ್ವನ ಜಾಗ ಎಪ್ಪತ್ತೊಂದರಿಂದ ಹಿಂದಕ್ಕೆ ಸರಿದು, ಹೊಳೆ ದಂಡೆಯ ಪದ್ಯಕ್ಕೆ ಬಂದು ನಿಂತಿತು. ಅದರ ಕೆಳಗೆ "ಅವ್ವ" ಎಂದಿತ್ತು. ಅದರ ಮುಂದಿನ ಅಂಕಿಯೂ ಬದಲಾಗಿರುವುದು ಕಣ್ಣಂಚಿಗೆ ತಿಳಿಯಿತು. ಯಾವ ಡಬ್ಬಿಯನ್ನೂ ತೆರೆಯದೆ ಬಿಡದ ನಾನು ಕೈಯಿಂದ ಪರದೆಯ ಆ ಭಾಗ ಮರೆಮಾಡಿಕೊಂಡು ಪಟ್ಟಿ ಮುಚ್ಚಿದೆ. ಶ್ರಾವಣ ಮುಗಿಯಲಿ ಎಂದುಕೊಂಡೆ.

ಆ ಸಂಜೆ ಓಣಿಯವರೆಲ್ಲ ಬಂದಿದ್ದರು. ನಾನು ನಾರಾಯಣಪೇಟೆಯಲ್ಲಿ ದೊಡ್ಡವ್ವನ ಸೊಸೆಯ ಫೋನಿನ ಮೂಲಕ ಕೇಳುತ್ತ ಕೂತಿದ್ದೆ, ಒಲೆಯ ಮೇಲಿನ ಹಾಲು ಉಕ್ಕಿಹೋದದ್ದು ತಿಳಿಯಲಿಲ್ಲ. ದೊಡ್ಡವ್ವ ಹೊಳೆ ದಂಡೆಯ ಹೆಣ್ಣುಮಗಳನ್ನು ಹಾಡಿ, "ಹೇಳಪ್ಪಾ" ಎಂದಳು. ತಪ್ಪೇಲಿಯೊಳಗಿಂದ ಮಾವನ ದನಿ ಬಂತು: "ನೋಡ್ರವ್ವಾ, ಹೊಳಿ ದಂಡಿ ಅದು, ಹತ್ತರ ಯಾರಿಲ್ಲ…" ನಾನು ಎದ್ದು ಒಲೆ ಆರಿಸಿದೆ. ಹದಿನೆಂಟನೆಯ ಸಂಧಿ ಬಂದ ದಿನ ಅವನು ಹೋಳಿಗೆ ತುಪ್ಪವನ್ನು ಮೂರನೆಯ ಸಲ ಬಡಿಸಿದ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ, ಅವನೂ ನಕ್ಕನಂತೆ. ಕುರಿಹಿಂಡು ಹೊಳೆಯಲ್ಲಿ ಕೊಚ್ಚಿಹೋದ ಮರುದಿನವೂ ಅಕ್ಕ ತಮ್ಮ ಒಂದೇ ಪದ್ಯದಲ್ಲಿದ್ದರು.

ಪುರಾಣ ಮುಗಿಯುವ ಮಂಗಳದ ದಿನ ನಾನೂ ಗದ್ವಾಲದಲ್ಲಿದ್ದೆ. ಎದುರುಮನೆಯಾಕೆ ತನ್ನ ದೊಡ್ಡ ಸ್ಪೀಕರನ್ನು ಹೊತ್ತು ತಂದಳು. ದೊಡ್ಡವ್ವನ ಮುಖ ಬಿಗಿಯಿತು. "ಅಣ್ಣಾರ ದನಿ ತಪ್ಪೇಲ್ಯಾಗ ಸರಿಯಾಗಿ ಕೇಳೂದಿಲ್ಲಕ್ಕಾ, ಇದಕ್ಕ ಹಚ್ಚೂಣು. ಮುಂದಿನ ವರ್ಷಾನೂ ನೀವs ಓದ್ರಿ" ಎಂದಳು ಆಕೆ. ಸ್ಪೀಕರಿನಲ್ಲಿ ಮಾವ ಎಷ್ಟು ಜೋರಾಗಿ ಬಂದನೆಂದರೆ ಎದುರಿನ ಗೋಡೆಯ ಮೇಲಿನ ಬೆಕ್ಕು ಓಡಿಹೋಯಿತು. ತಪ್ಪೇಲಿಯೇ ಚಲೋ ಇತ್ತು ಎಂದು ದೊಡ್ಡವ್ವ ಗೊಣಗಿದಳು, ಆದರೆ ಅವಳ ದನಿಯಲ್ಲಿ ಬಿಗಿ ಇರಲಿಲ್ಲ.

ಜನ ಹೋದ ಮೇಲೆ ಪಾತ್ರೆ ಎತ್ತಿಡುತ್ತ ಕೇಳಿದೆ. "ದೊಡ್ಡವ್ವಾ, ಅವ್ವನೂ ಹಿಂಗs ಮುಚ್ಚತಿದ್ಳೇನು?"

"ಮತ್ತ? ಇಬ್ರಿಗೂ ಕಲಿಸಿದಾಕಿ ಒಬ್ಬಾಕಿ ಅಲ್ಲೇನು" ಎಂದಳು.

ಮರುದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಪಟ್ಟಿ ತೆರೆದೆ. ಅವ್ವ, ನೂರಕ್ಕೆ ನಲವತ್ತಮೂರು. ಹನ್ನೊಂದನೆಯ ಸಂಧಿ. ಅವಳು ಮದುವೆಯ ತನಕ ಓದಿರಲಿಲ್ಲ. ಹಿಂದಿನ ಸಾಲುಗಳನ್ನೂ ತೆಗೆದು ನೋಡಿದೆ. ಕೊನೆಯ ವಾರ ದಿನಕ್ಕೆ ಎರಡು ಪದ್ಯ, ಆಮೇಲೆ ಒಂದು, ಕೊನೆಯ ಎರಡು ದಿನ ಓದಿದ್ದೇ ಒಂದು ಪದ್ಯ. ತಾಯಿ ಸತ್ತ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಹಟ್ಟಿಯಲ್ಲಿ ಕೂತಿರುವ ಪದ್ಯ. ಅದರಿಂದ ಮುಂದೆ ಹೋಗಲು ಅವಳಿಗೆ ಆಗಿಲ್ಲ. ಆದರೆ ಪ್ರತಿ ದಿನದ ಕೊನೆಗೂ ಎಪ್ಪತ್ತೊಂದು ಇದೆ. ಒಂದೇ ಪದ್ಯ ಓದುವಷ್ಟು ಶಕ್ತಿ ಇದ್ದ ದಿನವೂ, ಏಳು ಸಂಧಿ ದಾಟಿ ಹೋಗಿ ಆ ಕೂಸಿನ ಮದುವೆ ತೆರೆದಿಟ್ಟೇ ಮುಚ್ಚಿದ್ದಾಳೆ.

ನನಗೆ ಅಳು ತಡೆಯಲಾಗಲಿಲ್ಲ. ಅತ್ತು ಮುಗಿದ ಮೇಲೆ ಅವಳ ಟ್ಯಾಬನ್ನು ಹುಡುಕಿ ಚಾರ್ಜಿಗೆ ಹಾಕಿದೆ. ಸಂಜೆ ದೀಪ ಹಚ್ಚಿ, ಅವಳು ನಿಂತ ಪದ್ಯದಿಂದ ಗಟ್ಟಿಯಾಗಿ ಓದಲು ಶುರುಮಾಡಿದೆ. ಆ ದಿನ ನಾಲ್ಕು ಪದ್ಯವಾದವು. ಕೂಸು ಇನ್ನೂ ಎದ್ದಿರಲಿಲ್ಲ. ಪರಿವಿಡಿ ತೆರೆದು ಹದಿನೆಂಟನ್ನು ಒತ್ತಿ, ಮದುವೆಯ ಮೊದಲ ಪದ್ಯ ಹಾಡಿ, ಕವರು ಮುಚ್ಚಿ ಮಿಕ್ಸಿಯ ಪಕ್ಕದಲ್ಲಿಟ್ಟೆ.